ಆಳಂದದ ಚಹಾದಂಗಡಿಯಲ್ಲಿ ಕೋಪನ್‌ಹೇಗನ್

ಅಬ್ದುಲ್ ಗನಿಸಾಬರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ. ಅವರ ಮರ್ಯಾದೆ ಕಳೆಯಲಿಕ್ಕೆ ಈ ಮಾತು ಹೇಳುತ್ತಿಲ್ಲ. ಯುರೋಪಿನ ದೊಡ್ಡ ಪಂದ್ಯಗಳು ನಮ್ಮ ಆಳಂದದ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ ಶುರುವಾಗುತ್ತವೆ. ಆ ಹೊತ್ತಿಗೆ ನಮ್ಮೂರಲ್ಲಿ ನಾಯಿಗಳು ಕೂಡ ಬೊಗಳಿ ದಣಿದು ಮಲಗಿರುತ್ತವೆ. ಆದರೆ ಪಂದ್ಯಕ್ಕೆ ಮುಂಚಿನ ಸಂಜೆ ಶಾಂತಲಿಂಗಪ್ಪನ ಚಹಾದಂಗಡಿಯಲ್ಲಿ ಕೂತು, ಯಾರು ಗೆಲ್ಲುತ್ತಾರೆ, ಯಾಕೆ ಗೆಲ್ಲುತ್ತಾರೆ, ಗೆಲ್ಲದೆ ಹೋದರೆ ಯಾಕೆ ಗೆಲ್ಲಲಿಲ್ಲ ಎಂಬುದನ್ನೆಲ್ಲ ಗನಿಸಾಬರು ಹೇಳಿ ಮುಗಿಸುತ್ತಿದ್ದರು. ಕೇಳಿದವರು ಪಂದ್ಯವನ್ನೇ ನೋಡಿದಷ್ಟು ತೃಪ್ತಿಯಿಂದ ಮನೆಗೆ ಹೋಗಿ ಮಲಗುತ್ತಿದ್ದರು. ನಾನೂ ಅವರಲ್ಲೊಬ್ಬ.

ಗನಿಸಾಬರಿಗೆ ಈ ವಿದ್ಯೆ ನೌಕರಿಯಿಂದಲೇ ಬಂದದ್ದು. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕಿನ ಮುಂದೆ ಕೂತು, ಇನ್ನೂ ಕಣ್ಣಿಗೆ ಬೀಳದ ಬಸ್ಸಿನ ಬಗ್ಗೆ ಕಣ್ಣಾರೆ ಕಂಡವರಂತೆ ಮಾತಾಡುವುದೇ ಅವರ ಕೆಲಸ. ‘ಅಫಜಲಪುರ, ಘತ್ತರಗಿ ಕಡೆಗೆ ಹೋಗುವ ಬಸ್ಸು ಇನ್ನು ಕೆಲವೇ ಕ್ಷಣಗಳಲ್ಲಿ’ ಎಂದು ಅವರು ಅಂದರೆ ಸಾಕು, ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೊರಟ ಹೆಂಗಸರು ಗಂಟು ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ಬಸ್ಸು ಬರುವುದು ಬಿಡುವುದು ಬಸ್ಸಿನ ಮರ್ಜಿ. ಬರುತ್ತದೆ ಎಂದು ನಂಬಿಸುವುದು ಸಾಬರ ಕೆಲಸ. ಅದನ್ನವರು ಧರ್ಮದಂತೆ ಮಾಡಿದರು.

ನಿವೃತ್ತಿಯಾದ ದಿನ ಮೈಕು ಹೋಯಿತು, ಗಂಟಲು ಉಳಿಯಿತು. ಮನೆಯಲ್ಲಿ ಹೆಂಡತಿ ನಜಮುನ್ನಿಸಾ ಮತ್ತು ಮಗಳು ಫರಹೀನ ಇಬ್ಬರೇ. ಅವರಿಬ್ಬರೂ ಯಾವ ಬಸ್ಸಿಗೂ ಕಾಯುತ್ತಿರಲಿಲ್ಲವಾದ್ದರಿಂದ ಸಾಬರ ಮಾತು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಅಂಥ ಕಷ್ಟಕಾಲದಲ್ಲಿ ಮೊಬೈಲಿನಲ್ಲಿ ಏನನ್ನೋ ಒತ್ತಲು ಹೋಗಿ ಫುಟ್‌ಬಾಲಿನ ‘ಮುನ್ನೋಟ’ ಎಂಬ ಬರಹವೊಂದು ಅವರಿಗೆ ಸಿಕ್ಕಿತು. ಇನ್ನೂ ನಡೆಯದ ಆಟದ ಬಗ್ಗೆ ಅಷ್ಟುದ್ದ ಬರಹ! ತಮ್ಮ ಕುಲಬಾಂಧವರು ಯುರೋಪಿನಲ್ಲೂ ಇದ್ದಾರೆಂದು ತಿಳಿದು ಸಾಬರ ಕಣ್ಣು ತುಂಬಿಬಂತಂತೆ. ಮರುದಿನದಿಂದಲೇ ಅವರು ಚಹಾದಂಗಡಿಯ ಬಾಗಿಲ ಪಕ್ಕದ ಬಾಕನ್ನು ಹಿಡಿದರು. ಒಂದೇ ತಿಂಗಳಲ್ಲಿ ‘ಕಂಟ್ರೋಲರ್ ಸಾಬ್’ ಎಂಬ ಹೆಸರು ಅಳಿಸಿ ‘ಉಸ್ತಾದ್’ ಎಂಬ ಹೆಸರು ನಿಂತಿತು.

ಆಗ ಚಾಂಪಿಯನ್ಸ್ ಲೀಗಿನಲ್ಲಿ ಗುಂಪು ಹಂತ ಎಂಬುದು ಇನ್ನೂ ಇತ್ತು. ಈಗ ತೆಗೆದಿದ್ದಾರಂತೆ. ಅದನ್ನು ಅವರು ನಮಗೆ ತಿಳಿಸಿಕೊಟ್ಟ ರೀತಿಯೇ ಚಂದ.

“ನೋಡ್ರಿ, ಒಂದೇ ಪ್ಲಾಟ್‌ಫಾರ್ಮಿನ್ಯಾಗ ನಾಕು ಬಸ್ ನಿಂತಾವ ಅಂತ ತಿಳ್ಕೋರಿ. ಎರಡು ಎಕ್ಸ್‌ಪ್ರೆಸ್ ಆಗಿ ಮುಂದ ಹೋಗ್ತಾವ. ಮೂರನೇದ್ದು ಹಳ್ಳಿ ಹಳ್ಳಿಗೆ ನಿಂತು ಹೋಗೂ ಕೆಂಪು ಬಸ್ಸು. ನಾಕನೇದ್ದು ಸೀದಾ ಡಿಪೋಕ್ಕ. ಆದ್ರ ಒಂದ್ ಸಲ ಸೋತ್ರ ಡಿಪೋಕ್ಕ ಕಳ್ಸಂಗಿಲ್ಲ. ಆರು ಟ್ರಿಪ್ ಕೊಡ್ತಾರ. ಅದ ಗುಂಪು ಹಂತದ ರಹಮು, ಅಂದ್ರ ದಯಾ.”

ಸೋತವನಿಗೂ ಇನ್ನೊಂದು ಟ್ರಿಪ್ ಉಂಟು ಎನ್ನುವ ಆಟ ನಮಗೆಲ್ಲ ಬಹಳ ಹಿಡಿಸಿತು.

ಆದರೆ ವಿದ್ಯೆ ಅಂಗಡಿಯಲ್ಲೇ ಉಳಿಯಬೇಕಲ್ಲ, ಮನೆಗೂ ಹೋಯಿತು. ಫರಹೀನಳನ್ನು ನೋಡಲು ಅಫಜಲಪುರದಿಂದ ಒಂದು ಮನೆತನದವರು ಬಂದಿದ್ದರು. ಹುಡುಗಿ ಮೆಚ್ಚುಗೆಯಾಗಿದ್ದಳು. ಹೊರಡುವ ಮುಂಚೆ ಹುಡುಗನ ತಂದೆ ಸುಮ್ಮನೆ ಉಪಚಾರಕ್ಕೆ, “ಮತ್ತ ಹ್ಯಾಂಗ್ರಿ ಸಾಬ್, ಇಬ್ಬರೂ ಛಲೋ ಇರ್ತಾರಲ್ಲ?” ಎಂದು ಕೇಳಿದ. ಇಂಥ ಪ್ರಶ್ನೆಗೆ ಲೋಕದ ಎಲ್ಲ ತಂದೆಯರೂ ‘ಅಲ್ಲಾಹನ ದಯೆ’ ಎನ್ನುತ್ತಾರೆ. ನಮ್ಮ ಉಸ್ತಾದರು ಗಂಟಲು ಸರಿಮಾಡಿಕೊಂಡರು.

“ತನ್ನ ಅಂಗಳದಾಗ ಹುಡುಗಿದು ಬಲ ಜಾಸ್ತಿ ಅದ. ಪರಸ್ಥಳದಾಗ ಇನ್ನಾ ಆಡಿಲ್ಲ, ಹೇಳಾಕ ಬರಂಗಿಲ್ಲ. ಮೊದಲಿನ ಆರು ತಿಂಗಳು ಗುಂಪು ಹಂತ ಅಂತ ತಿಳ್ಕೋರಿ. ಸೋತ್ರೂ ಹೊರಗ ಬೀಳಂಗಿಲ್ಲ.”

ಅಫಜಲಪುರದವರು ತಟ್ಟೆಯಲ್ಲಿದ್ದ ಶೀರಾ ಅಷ್ಟಕ್ಕೇ ಬಿಟ್ಟು ಎದ್ದರು. ಅಂದು ನಜಮುನ್ನಿಸಾ ಓಣಿಗೆಲ್ಲ ಕೇಳುವಂತೆ, “ಊರಿಗೆ ಉಪಕಾರಿ, ಮನೀಗೆ ಮಾರಿ” ಅಂದದ್ದು ನನ್ನ ಮನೆಯವರೆಗೂ ಬಂತು. ನನ್ನದು ಅವರ ಎದುರು ಮನೆ.

ಆಮೇಲೆ ಬಂದದ್ದು ಜೇವರ್ಗಿಯ ಮಾತು. ಹುಡುಗ ಅಬ್ರಾರ, ಔಷಧದ ಅಂಗಡಿ ಇಟ್ಟವನು, ನೋಡಿದವರೆಲ್ಲ ಒಳ್ಳೆಯವನೆಂದರು. ಫರಹೀನಳಿಗೂ ಮನಸ್ಸಿತ್ತು. ಶನಿವಾರ ಅವರು ಬರುವುದೆಂದು ಗೊತ್ತಾಯಿತು. ನಜಮುನ್ನಿಸಾ ಗಂಡನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದಳು: “ಈ ಮಾತೂ ಮುರೀತಂದ್ರ ಹುಡುಗಿ ಮನಸ್ಸು ಮುರೀತದ. ಶನಿವಾರದ ತನಕ ನಿಮ್ಮ ಬಾಯಿಗೆ ಬೀಗ ಇರಲಿ. ಯಾರರ ವಿಚಾರಿಸಾಕ ಬರ್ತಾರ, ಹುಷಾರು.”

ನಮ್ಮ ಕಡೆ ಹೆಣ್ಣು ನೋಡುವ ಮುಂಚೆ ಮನೆಗೆ ಹೋಗುವುದಿಲ್ಲ, ಮನೆಗೆ ಹತ್ತಿರದ ಚಹಾದಂಗಡಿಗೆ ಹೋಗುತ್ತಾರೆ. ಗಂಡಿನ ಕಡೆಯ ಹಿರಿಯನೊಬ್ಬ ದಾರಿಹೋಕನಂತೆ ಬಂದು ಚಹಾ ಕುಡಿಯುತ್ತಾ, ಇಂಥವರ ಮನೆತನ ಹೇಗೆ, ಜಗಳ ಇದೆಯೇ, ಹುಡುಗಿ ಎಂಥವಳು ಎಂದು ಮೆಲ್ಲಗೆ ಕೇಳುತ್ತಾನೆ. ಬೀಗರ ಮುಂದೆ ಹೇಳಿದ್ದು ಅಲಂಕಾರ, ಅಂಗಡಿಯಲ್ಲಿ ಹೇಳಿದ್ದು ನಿಜ ಎಂದು ಎಲ್ಲರ ನಂಬಿಕೆ. ಅಂಗಡಿಯಲ್ಲಿ ಕೂತವರೂ ಇದನ್ನು ಹಗುರವಾಗಿ ತಗೊಳ್ಳುವುದಿಲ್ಲ. ಯಾರ ಮಗಳಾದರೂ ಮಗಳೇ.

ಆ ಬುಧವಾರ ಸಂಜೆ ಉಸ್ತಾದರು ಕೋಪನ್‌ಹೇಗನ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯದ ಮುನ್ನೋಟಕ್ಕೆ ಕೂತಿದ್ದರು. ಬಾಯಿಗೆ ಬೀಗ ಹಾಕಿಕೊಂಡದ್ದು ಮನೆಯ ವಿಷಯಕ್ಕೆ ಮಾತ್ರ ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು.

“ಬಾಯರ್ನ್ ಮೂರಕ್ಕ ಮೂರೂ ಗೆದ್ದು ಒಂಬತ್ತು ಪಾಯಿಂಟಿಗೆ ಕೂತದ. ಅದರ ಚಿಂತಿ ಬಿಡ್ರಿ. ತುರ್ಕಿದವರು ನಾಕು. ಮ್ಯಾಂಚೆಸ್ಟರ್ ಮೂರು. ಕೋಪನ್‌ಹೇಗನ್ ಒಂದು. ಹೋದ ಸಲ ಮ್ಯಾಂಚೆಸ್ಟರಿನವರು ತಮ್ಮೂರಾಗ ಇವರ ಮ್ಯಾಲ ಒಂದ ಗೋಲಿನಿಂದ ಗೆದ್ರು. ಕಡೀ ಗಳಿಗ್ಯಾಗ ಕೋಪನ್‌ಹೇಗನ್ನಿಗೆ ಪೆನಾಲ್ಟಿ! ಗೋಲ್‌ಕೀಪರ್ ಎಡಕ್ಕ ಹಾರಿ ತಡೆದಾ ನೋಡ್ರಿ, ಜೀವ ಹೋಗಿ ಬಂತು.” ಅದನ್ನವರು ನೋಡಿರಲಿಲ್ಲ, ಓದಿದ್ದರು. ಆದರೂ ಹೇಳುವಾಗ ಅವರ ಮೈ ಎಡಕ್ಕೆ ವಾಲಿ, ಪಕ್ಕದವನ ಬಸಿಯಲ್ಲಿದ್ದ ಚಹಾ ಚೆಲ್ಲಿತು. “ಈಗ ಮ್ಯಾಂಚೆಸ್ಟರಿಗೆ ಗೋಲು ಹೊಡಿಯೂ ಹುಡುಗ ಇದ್ದಾನಲ್ಲ, ಆಂವ ಕೋಪನ್‌ಹೇಗನ್ ಊರಾಗೇ ಆಡಿ ಬೆಳದಾಂವ. ಹುಟ್ಟಿದೂರಿನ ಮುಂದ ನಿಂತು ಗೋಲು ಹೊಡೀಬೇಕು. ಅವನ ಸಂಕಟ ನನಗ ಗೊತ್ತು.”

“ಹಂಗಾದ್ರ ಯಾರು ಗೆಲ್ತಾರ್ರಿ ಉಸ್ತಾದ್?” ಎಂದು ಶಾಂತಲಿಂಗಪ್ಪ ಒಲೆಯ ಹಿಂದಿನಿಂದ ಕೇಳಿದ.

“ಮ್ಯಾಂಚೆಸ್ಟರ್ ಗೆಲ್ತದ. ಗೆಲ್ಲಲಿಲ್ಲಂದ್ರ ಕೋಪನ್‌ಹೇಗನ್ ಅದನ್ನ ಬಿಡಂಗಿಲ್ಲ. ಇಬ್ಬರೂ ಹಟಕ್ಕ ಬಿದ್ರಂದ್ರ ಸಮ.”

ಮೂಲೆಯಲ್ಲಿ ಕೂತಿದ್ದ ಅಪರಿಚಿತರೊಬ್ಬರು ಇದನ್ನೆಲ್ಲ ಕಣ್ಣರಳಿಸಿ ಕೇಳುತ್ತಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ. ತಮ್ಮ ಚಹಾದ ಲೋಟ ಎತ್ತಿಕೊಂಡು ಬಂದು ಉಸ್ತಾದರ ಬಾಕಿನಲ್ಲೇ ಕೂತರು.

“ಸಲಾಮ್ ಉಸ್ತಾದ್. ನಾ ಜೇವರ್ಗಿದಾಂವ. ಅಷ್ಟು ದೂರದ ಮಂದಿದೆಲ್ಲಾ ನಿಮಗ ಗೊತ್ತದ, ಈ ಓಣಿ ಮಂದಿದು ಗೊತ್ತಿರದ ಏನು? ನಮ್ಮ ತಂಗಿ ಮಗನಿಗೆ ಇಲ್ಲೊಂದು ಹುಡುಗಿ ನೋಡಾಕತ್ತೇವಿ. ಅಬ್ದುಲ್ ಗನಿ ಅಂತ, ಮೊದಲ ಬಸ್‌ಸ್ಟ್ಯಾಂಡಿನ್ಯಾಗ ಇದ್ರಂತ. ಅವರ ಮನೆತನ ಹ್ಯಾಂಗ್ರಿ?”

ಶಾಂತಲಿಂಗಪ್ಪನ ಸೌಟು ಹಿಡಿದ ಕೈ ಹಾಗೇ ನಿಂತಿತು. ‘ಇವರೇರಿ ಅವರು’ ಎನ್ನಲು ನಾನು ಬಾಯಿ ತೆರೆದೆ. ಸಾಬರು ಬೆನ್ನ ಹಿಂದೆ ಕೈಯಾಡಿಸಿ ನನ್ನನ್ನು ತಡೆದರು. ಅವರ ಮುಖ ನೋಡಿದೆ. ಗಾಬರಿ ಇರಲಿಲ್ಲ, ಖುಷಿ ಇತ್ತು. ಪರತಾಲೂಕಿನಿಂದ ಒಬ್ಬ ಮನುಷ್ಯ ಅವರ ಮುನ್ನೋಟ ಕೇಳಿಕೊಂಡು ಬಂದದ್ದು ಅದೇ ಮೊದಲು. ಮಗಳ ಕೆಲಸವೂ ಆಯಿತು, ಹೆಸರೂ ಆಯಿತು ಎಂದು ಆ ಪುಣ್ಯಾತ್ಮ ಲೆಕ್ಕ ಹಾಕಿದ್ದರು.

“ಅಬ್ದುಲ್ ಗನಿ ಏನ್ರಿ? ಗೊತ್ತಿಲ್ಲದ ಏನು! ಮನೆತನ ಅಗದಿ ಖಾನದಾನಿ. ತಾಯಿ ಬಗ್ಗೆ ಹೇಳಬೇಕಂದ್ರ, ಡಿಫೆನ್ಸ್ ಭಾಳ ಗಟ್ಟಿ. ಆಕಿನ್ನ ದಾಟಿ ಒಂದು ಮಾತು ಒಳಗ ಹೋಗಂಗಿಲ್ಲ. ತಂದಿ ಅಂತೂ ದೊಡ್ಡ ಮನಷ್ಯಾ. ತಿಳವಳಿಕೆ, ಮಾತುಗಾರಿಕೆ, ಏನ್ ಕೇಳ್ತೀರಿ. ಅಂಥಾ ಬೀಗರು ಸಿಗಬೇಕಂದ್ರ ನಸೀಬ ಬೇಕು.”

ತಂದೆಯ ವರ್ಣನೆ ಇನ್ನೂ ಸಾಕಷ್ಟು ಹೊತ್ತು ನಡೆಯಿತು. ಜೇವರ್ಗಿಯವರು ತಾಳ್ಮೆಯಿಂದ ಕೇಳಿ, ಕೊನೆಗೆ, “ಹುಡುಗಿ ಬಗ್ಗೆ ಹೇಳ್ರಿ” ಅಂದರು.

“ಹುಡುಗಿ ಬಂಗಾರ.”

“ಏನ್ ಓದ್ಯಾಳ?”

“ಡಿಗ್ರಿ.”

“ಯಾವುದರಾಗ?”

ಸಾಬರು ಲೋಟ ಎತ್ತಿದರು. ಅದು ಖಾಲಿಯಾಗಿತ್ತು. “ಕಾಲೇಜಿನ್ಯಾಗ ಓದ್ಯಾಳ. ಈಗ ಸಾಲ್ಯಾಗ ಕಲಿಸ್ತಾಳ.”

“ಯಾವ ಸಾಲಿ?”

“ಅದಾ... ಹಿರೋಳ್ಳಿ ಕಡೆ.”

“ಏನ್ ಕಲಿಸ್ತಾಳ?”

“ಎಲ್ಲಾ ಕಲಿಸ್ತಾಳ.”

“ಎಷ್ಟನೇತ್ತಾದವರಿಗೆ?”

ಕೋಪನ್‌ಹೇಗನ್ನಿನ ಎಡಗಡೆಯ ಆಟಗಾರ ಯಾವ ಕಾಲಲ್ಲಿ ಒದೆಯುತ್ತಾನೆಂದು ಬಲ್ಲ ಮನುಷ್ಯ ತನ್ನ ಮಗಳ ತರಗತಿಗಾಗಿ ಸೂರು ನೋಡಿದರು, ಬೀದಿ ನೋಡಿದರು, ನನ್ನ ಮುಖ ನೋಡಿದರು. ದಿನಾ ಅವರನ್ನು ಗೇಲಿ ಮಾಡುವ ನನಗೆ ಆಗ ಅವರನ್ನು ನೋಡಲಾಗಲಿಲ್ಲ.

ಜೇವರ್ಗಿಯವರು ಅವರ ಮೊಣಕಾಲ ಮೇಲೆ ಮೆಲ್ಲಗೆ ಕೈಯಿಟ್ಟರು. “ಸಿಟ್ಟಾಗಬ್ಯಾಡ್ರಿ ಉಸ್ತಾದ್. ಆ ಮನೀದು ನಿಮಗೇನೂ ಗೊತ್ತಿದ್ದಂಗ ಕಾಣಂಗಿಲ್ಲ. ಗೊತ್ತಿದ್ದವರು ಯಾರರ ಅದಾರೇನು?”

ಶಾಂತಲಿಂಗಪ್ಪ ಒಲೆ ಸಣ್ಣಗೆ ಮಾಡಿ ಹೊರಗೆ ಬಂದ. “ನಾ ಹೇಳ್ತೇನಿ ಬರ್ರಿ. ಹುಡುಗಿ ಬಿಎಸ್ಸಿ ಮಾಡಿ ಬಿ.ಎಡ್ ಮಾಡ್ಯಾಳ. ಸರಸಂಬಾದಾಗ ಎಂಟು ಒಂಬತ್ತನೇತ್ತಾದವರಿಗೆ ಗಣಿತ ಹೇಳ್ತಾಳ. ದಿನಾ ಇಲ್ಲೇ ನಿಂತು ಬಸ್ ಹತ್ತತಾಳ. ನನ್ನ ಮಗಳು ಭುವನೇಶ್ವರಿ ಗಣಿತದಾಗ ಎರಡು ಸಲ ಫೇಲಾಗಿದ್ಳು. ಈ ಹುಡುಗಿ ಮನ್ಯಾಗ ಕೂಡಿಸಿಕೊಂಡು ಹೇಳಿಕೊಟ್ಟು ಪಾಸ್ ಮಾಡಿಸಿದ್ಳು. ಇದಕ್ಕಿಂತ ಇನ್ನೇನ್ ಹೇಳ್ಲಿ?”

ಅಷ್ಟು ಕೇಳಿ ಅವರು ಸಲಾಮ್ ಹೇಳಿ ಹೋದರು. ಸಾಬರು ಕೂತಲ್ಲಿಂದ ಏಳಲಿಲ್ಲ.

ಗುರುವಾರ ಅವರು ಅಂಗಡಿಗೆ ಬರಲಿಲ್ಲ. ಮ್ಯಾಂಚೆಸ್ಟರ್ ಎರಡು ಗೋಲು ಮುಂದಿದ್ದದ್ದು ಕೊನೆಗೆ ನಾಲ್ಕು–ಮೂರರಿಂದ ಸೋತಿತ್ತು. ಹುಟ್ಟಿದೂರಿನ ಮುಂದೆ ಆ ಹುಡುಗ ಎರಡು ಗೋಲು ಹೊಡೆದೂ ಏನೂ ಪ್ರಯೋಜನವಾಗಿರಲಿಲ್ಲ. ಉಸ್ತಾದರು ಹೇಳಿದ್ದ ಮೂರರಲ್ಲಿ ಒಂದು ನಿಜವಾಗಿತ್ತು ಎಂದು ಯಾರೋ ಅಂದರು, ಯಾರೂ ನಗಲಿಲ್ಲ. ಎಲ್ಲರಿಗೂ ಶನಿವಾರದ್ದೇ ಚಿಂತೆ. ತಂದೆ ಯಾರೆಂದು ಬೀಗರಿಗೆ ಅಂದು ತಿಳಿಯುತ್ತದೆ. ಸುಳ್ಳು ಹೇಳಿ ತನ್ನನ್ನೇ ಹೊಗಳಿಕೊಂಡವನ ಮಗಳನ್ನು ಯಾರು ತಗೊಳ್ಳುತ್ತಾರೆ?

ಶನಿವಾರ ನೆರೆಯವರೆಂದು ನನ್ನನ್ನೂ ಶಾಂತಲಿಂಗಪ್ಪನನ್ನೂ ಕರೆದಿದ್ದರು. ಜಮಖಾನದ ಮೇಲೆ ಎಲ್ಲರೂ ಕೂತ ಮೇಲೆ ಸಾಬರು ಒಳಗಿನಿಂದ ಬಂದರು. ಬುಧವಾರ ಅಂಗಡಿಗೆ ಬಂದಿದ್ದ ಜೇವರ್ಗಿಯ ಮಾಮು, ಹುಡುಗನ ಸೋದರಮಾವ, ತಲೆಯೆತ್ತಿ ನೋಡಿದರು.

“ನೀವೇ ಏನ್ರಿ?”

“ನಾನೇ,” ಎಂದರು ಸಾಬರು. ಮೈಕಿನ ಗಂಟಲು ಅದಾಗಿರಲಿಲ್ಲ.

ಮಾಮು ತಮ್ಮ ಕಡೆಯವರಿಗೆ ಬುಧವಾರದ ಕಥೆಯೆಲ್ಲ ಹೇಳಿದರು, ಒಂದಕ್ಷರ ಬಿಡದೆ. ಪರದೆಯ ಹಿಂದೆ ನಜಮುನ್ನಿಸಾಳ ಬಳೆಗಳ ಸದ್ದು ನಿಂತುಹೋಯಿತು. ಇನ್ನು ಇವರು ಏಳುತ್ತಾರೆ ಎಂದು ನಾನು ಚಪ್ಪಲಿ ಬಿಟ್ಟ ಕಡೆ ನೋಡಿದೆ. ಆದರೆ ಮಾಮು ತಟ್ಟೆ ಹತ್ತಿರ ಎಳೆದುಕೊಂಡು ಶೀರಾ ತಿನ್ನತೊಡಗಿದರು.

“ಛಲೋನೇ ಆಯ್ತು ಬಿಡ್ರಿ. ಮಗಳದ್ದು ಎಲ್ಲಾ ಗೊತ್ತಿದ್ದ ಮಾವ ದಿನಾ ಫೋನ್ ಹಚ್ಚಿ ಅಳಿಯನ ತಲಿ ತಿಂತಾನ. ಏನೂ ಗೊತ್ತಿಲ್ಲದ ಮಾವ ಸಿಗಾಕ ಪುಣ್ಯಾ ಬೇಕು. ನಮ್ಮ ಅಬ್ರಾರ ನಸೀಬದಾಂವ. ಹುಡುಗಿ ಹೂಂ ಅಂದ್ರ ನಮ್ಮ ಕಡಿಂದ ಹೂಂ.”

ಮನೆ ತುಂಬ ನಗೆಯೋ ನಗೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಗನಿಸಾಬರೇ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಒಳಗೆ ಹುಡುಗಿ ತಾಯಿಗೆ ಹೂಂ ಎಂದಳೆಂದು ಸುದ್ದಿ ಬಂತು. ಚಹಾ ತಂದ ಫರಹೀನ ಎಲ್ಲರ ಮುಂದೆ ತಲೆ ತಗ್ಗಿಸಿ ಬಸಿ ಇಟ್ಟಳು, ತಂದೆಯ ಮುಂದೆಯೂ ಇಟ್ಟಳು. ಅವಳೊಬ್ಬಳು ನಗಲಿಲ್ಲ.

ಬೀಗರು ಹೋದ ಮೇಲೆ ನಾನೂ ಶಾಂತಲಿಂಗಪ್ಪನೂ ಜಮಖಾನ ಮಡಿಸುತ್ತಿದ್ದೆವು. ಫರಹೀನ ಬಸಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಸಾಬರು ಅವಳ ಹಿಂದೆ ಬಂದು ನಿಂತರು. ಇನ್ನಷ್ಟು ಹತ್ತಿರ ಸರಿದು, ಸಣ್ಣ ದನಿಯಲ್ಲಿ ಕೇಳಿದರು.

“ಬೇಟಾ, ನಾಳೆ ನಿನ್ನ ಸಾಲೀ ತನಕ ನಾನೂ ಬರ್ಲೇನು? ನೀ ಕಲಿಸೂದು ಹೊರಗ ನಿಂತು ಒಂದೀಟು ನೋಡ್ತೇನಿ.”

ಫರಹೀನ ಬಸಿಗಳನ್ನು ಎತ್ತಿಕೊಂಡಳು.

“ನಾಳೆ ಐತವಾರ ಅದ, ಅಬ್ಬಾ.”