ಗಾಜಿನ ಒಲೆಗೆ ಅಕ್ಕಿಹಿಟ್ಟಿನ ರಂಗೋಲಿ

ಈ ಭಾನುವಾರ ಬೆಳಗ್ಗೆ ಹಾಸನದ ತವರುಮನೆಯಲ್ಲಿ ಹಾಲು ಉಕ್ಕಿಸಿದೆ. ಒಲೆಯ ಎದುರಿಗೇ ನಿಂತು ಉಕ್ಕಿಸಿದೆ ಎಂಬುದು ನಾಚಿಕೆಯ ಸಂಗತಿ, ಕಣ್ಣು ಮೊಬೈಲಿನಲ್ಲಿತ್ತು. ಸೀದ ವಾಸನೆ ನಡುಮನೆ ದಾಟಿ ಬೀದಿಬಾಗಿಲವರೆಗೂ ಹೋಯಿತು. ಒಲೆಯ ಕಪ್ಪು ಗಾಜಿನ ಮೇಲೆ ಹರಿದ ಹಾಲು ಬರ್ನರಿನ ಸುತ್ತ ಕಂದು ಚಕ್ಕೆಯಾಗಿ ಕೂತಿತು.

ಒಲೆ ಆರಿಸಿ ಬಟ್ಟೆ ಹಿಡಿದು ನಿಂತೆ. ಆದರೆ ಒರೆಸುವಂತಿಲ್ಲ. ಕಾದ ಗಾಜಿಗೆ ಒದ್ದೆ ಬಟ್ಟೆ ತಾಗಿದರೆ ಸಿಡಿಯುವ ಭಯ. ಅದು ತಣ್ಣಗಾಗುವವರೆಗೆ ಕಾಯಬೇಕು. ನೀವೂ ಇಲ್ಲೇ ನಿಂತರೆ ನನಗೆ ಹೊತ್ತು ಹೋಗುತ್ತದೆ. ಹಿತ್ತಲ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿದೆ. ಈ ಬೆಳಕಿನಲ್ಲಿ ಮಾತ್ರ ಗಾಜಿನ ಮೇಲಿನ ಗೀರುಗಳು ಕಾಣುತ್ತವೆ: ಕೂದಲೆಳೆಯಷ್ಟು ಸಣ್ಣವು, ದುಂಡಗೆ, ಒಂದರೊಳಗೊಂದು.

ಈ ಒಲೆ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ದಿನಚರಿ ಬರೆಯುವ ಚಟ ಆಗಲೇ ಹತ್ತಿತ್ತು. ಸಿಲಿಂಡರ್ ಬದಲಿಸಿದ ತಾರೀಕು, ಬರ್ನರ್ ಉಜ್ಜಿದ ತಾರೀಕು, ಹಾಲು ಉಕ್ಕಿದ ದಿನಕ್ಕೊಂದು ಗೀಟು. ಅಂಥವಳ ಕೈಗೆ ಒಲೆಯ ಜೊತೆ ಬಂದ ಪುಸ್ತಿಕೆ ಸಿಕ್ಕಿದರೆ ಕೇಳಬೇಕೇ? ಪಾತ್ರೆಯನ್ನು ಎಳೆಯಬಾರದು, ಎತ್ತಿಡಬೇಕು. ಸ್ಟೀಲ್ ನಾರು ಸೋಕಿಸಬಾರದು. ಸೀದು ಅಂಟಿದ್ದಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿ, ನೆನೆದ ಮೇಲೆ ಮೆತ್ತನೆ ಬಟ್ಟೆಯಲ್ಲಿ ತೆಗೆಯಬೇಕು. ಊಟಕ್ಕೆ ಕೂತಾಗ ಇದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. "ಮುದ್ದೆ ಆರೋಯ್ತದೆ, ಮೊದ್ಲು ಉಣ್ಣು" ಎನ್ನುತ್ತಿದ್ದ ಅಪ್ಪ.

ಅಡುಗೆ ಮಾಡುತ್ತಿದ್ದವಳು ಅತ್ತೆ, ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ವರ್ಷ ನನ್ನನ್ನು ನೋಡಿಕೊಳ್ಳಲೆಂದು ತನ್ನೂರು ಕಟ್ಟಾಯದಿಂದ ಬಂದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಮನೆಗೆ ಬಂದು ವರ್ಷಗಳಾದರೂ ಅವಳ ಸೀರೆಗಳು ಬೀರುವಿಗೆ ಬರಲಿಲ್ಲ, ಮಂಚದ ಕೆಳಗಿನ ಬ್ಯಾಗಿನಲ್ಲೇ ಇದ್ದವು. ಕೇಳಿದರೆ, "ತಮ್ಮನ ಮನೆ ಬೀರು ನಂಗ್ಯಾಕವ್ವ" ಎನ್ನುವಳು. ಕಾಲೇಜಿನಿಂದ ಬಂದೊಡನೆ ನಾನು ಮಾಡುತ್ತಿದ್ದ ಮೊದಲ ಕೆಲಸ, ಬಗ್ಗಿ ಮಂಚದ ಕೆಳಗೆ ನೋಡುವುದು. ಬ್ಯಾಗ್ ಇದ್ದರೆ ಅತ್ತೆ ಇದ್ದಾಳೆ. ಇದನ್ನು ಮಾತ್ರ ದಿನಚರಿಯಲ್ಲಿ ಬರೆದವಳಲ್ಲ.

ಗೀರುಗಳು ಕಾಣಿಸಿಕೊಂಡಾಗ ಮೊದಲ ಅನುಮಾನ ಸ್ಟೀಲ್ ನಾರಿನ ಮೇಲೆ ಹೋಯಿತು. ಎಸೆದೆ. ಗೀರು ಹೆಚ್ಚಿದವು. ಕುಕ್ಕರಿನ ತಳ ತಿರುಗಿಸಿ ನೋಡಿದೆ. ಕೆಲವು ದಿನ ಅಪ್ಪನ ಮೇಲೂ ಕಣ್ಣಿಟ್ಟೆ. ಪರೀಕ್ಷೆಗೆ ಓದಲು ಬೇಗ ಎದ್ದ ಒಂದು ಮುಂಜಾನೆ ಕಾರಣ ಕಂಡಿತು. ಅತ್ತೆ ಒಲೆಯನ್ನು ಒರೆಸಿ, ಎರಡು ಬರ್ನರುಗಳ ನಡುವೆ ಪುಟ್ಟದೊಂದು ರಂಗೋಲಿ ಬಿಟ್ಟು ಕೈಮುಗಿದಳು. ಊರಿನ ಮಣ್ಣಿನ ಒಲೆಯನ್ನು ಸಾರಿಸಿ ರಂಗೋಲಿ ಇಡದೆ ಅವಳು ಎಂದೂ ಬೆಂಕಿ ಹಚ್ಚಿದವಳಲ್ಲ. ಇಲ್ಲಿ ನಾವು ಕಂಡರೆ ನಗುತ್ತೇವೆಂದೋ ಏನೋ, ನಾವು ಏಳುವ ಮೊದಲೇ ಒಣ ಬಟ್ಟೆಯಿಂದ ಅದನ್ನು ಸುತ್ತಿಸಿ ಸುತ್ತಿಸಿ ಒರೆಸಿಬಿಡುತ್ತಿದ್ದಳು. ರಂಗೋಲಿ ಪುಡಿಯೆಂದರೆ ಕಲ್ಲಿನ ಪುಡಿ. ಬೆರಳಲ್ಲಿ ತಿಕ್ಕಿ ನೋಡಿ, ಸಣ್ಣ ಮರಳು.

ಅವಳಿಗೆ ಹೇಗೆ ಹೇಳಲಿ ಎಂದು ಅಪ್ಪನನ್ನು ಕೇಳಿದೆ. ಅವನು ತಿಂಡಿ ತಿನ್ನುತ್ತ ಹೇಳಿಯೇಬಿಟ್ಟ: "ಅಕ್ಕಯ್ಯ, ನಿನ್ ರಂಗೋಲೆ ನಮ್ ಗ್ಲಾಸ್ನೆಲ್ಲ ಕೆರೆದಾಕ್ಬುಟ್ಟೈತಲ್ಲ." ತಮಾಷೆಗೆ ಹೇಳಿದ್ದು, ತಾನೇ ನಕ್ಕ. ಅತ್ತೆ ನಗಲಿಲ್ಲ. ಎದ್ದು ಹೋಗಿ ಗಾಜಿನ ಮೇಲೆ ಅಂಗೈ ಆಡಿಸಿ ನೋಡಿದಳು.

ರಂಗೋಲಿ ನಿಂತಿತು. ಒಲೆಯಿಂದ ಒಂದು ಮೊಳ ದೂರ ನಿಂತು ಅಡುಗೆ ಮಾಡತೊಡಗಿದಳು. ಪ್ರತಿಯೊಂದಕ್ಕೂ ನನ್ನ ಅಪ್ಪಣೆ: "ಮಗಾ, ಕುಕ್ಕರ್ ಮಡಗ್ಲಾ?" ಮುದ್ದೆ ತೊಳಸುವಾಗ ಗಾಜಿನ ಮೇಲೆ ಭಾರ ಬೀಳದಿರಲೆಂದು ಪಾತ್ರೆಯನ್ನು ನೆಲಕ್ಕಿಳಿಸಿಕೊಂಡು ಕೂರುವಳು. ಕೊನೆಗೊಂದು ಸಂಜೆ ನಾನು ಬಗ್ಗಿ ನೋಡಬೇಕಾಗಲೇ ಇಲ್ಲ, ಬ್ಯಾಗ್ ಮಂಚದ ಮೇಲಿತ್ತು.

"ಕಟ್ಟಾಯಕ್ಕೆ ಓಯ್ತೀನಿ ಕಣ್ ಮಗಾ. ಅಲ್ಲಿ ಮಣ್ಣೊಲೆ, ಕೆರೆದ್ರೂ ಮ್ಯಾಲೆ ಸಾರಿಸ್ಬುಟ್ರೆ ಆಯ್ತದೆ. ಇದ್ನ ಏನ್ ಮಾಡಿ ಸರಿ ಮಾಡ್ಲಿ?"

"ಮತ್ತೆ ಯಾವಾಗ ಬರ್ತೀಯಾ ಅತ್ತೆ?"

"ನೋಡಾನ."

ನಮ್ಮ ಕಡೆ ನೋಡಾನ ಎಂದರೆ ಇಲ್ಲವೆಂದೇ ಅರ್ಥ. ಹೋಗಬೇಡವೆಂದು ಅಳಬಹುದಿತ್ತು. ನನಗೆ ಬರುತ್ತಿದ್ದುದು ಪರೀಕ್ಷೆ ಮಾಡುವುದೊಂದೇ. ಅಟ್ಟದಿಂದ ಒಂದು ಹಳೆಯ ಫೋಟೊ ಫ್ರೇಮ್ ಇಳಿಸಿ, ಗಾಜು ಬಿಚ್ಚಿ ಅವಳ ಮುಂದಿಟ್ಟೆ. ಒಂದು ಅರ್ಧಕ್ಕೆ ರಂಗೋಲಿ ಪುಡಿ, ಇನ್ನರ್ಧಕ್ಕೆ ಅಕ್ಕಿಹಿಟ್ಟು.

"ನೀನೇ ಒರೆಸು."

ಒರೆಸಿದಳು. ಗಾಜನ್ನೆತ್ತಿ ಬೆಳಕಿಗೆ ಹಿಡಿದಳು. ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು.

"ಈ ಕಡೆ ಗೀರೇ ಇಲ್ವಲ್ಲ."

"ಅದು ಅಕ್ಕಿಹಿಟ್ಟು."

ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ, "ಇರುವೆ ಬತ್ತವೆ" ಎಂದಳು.

"ಬಂದ್ರೆ ಬರ್ಲಿ ಬಿಡು."

"ನಿಂಗೇನವ್ವ, ಪುಸ್ತಕ ಇಡ್ಕಂಡು ಕೂತ್ಕತೀಯ. ದಿನಾ ಒರೆಸೋಳು ನಾನಲ್ವಾ."

ಆ ಮಾತಿನ ಅರ್ಥ ಹೊಳೆಯಲು ನನಗೊಂದು ಗಳಿಗೆ ಬೇಕಾಯಿತು. ಅತ್ತೆ ಆಗಲೇ ಎದ್ದು ಅನ್ನಕ್ಕಿಡಲು ಹೋಗಿದ್ದಳು. ಬ್ಯಾಗನ್ನು ನಾನೇ ಮತ್ತೆ ಮಂಚದ ಕೆಳಗೆ ಸರಿಸಿದೆ.

ಇರುವೆ ಬಂದವು, ಸುಳ್ಳಲ್ಲ. ಅತ್ತೆ ಅವುಗಳನ್ನೂ ಸಂಭಾಳಿಸಿದಳು. ಪುಸ್ತಿಕೆಯ ನಿಯಮಗಳೆಲ್ಲ ನಿಧಾನವಾಗಿ ಅವಳ ನಿಯಮಗಳಾದವು. ಒರೆಸಲು ಅಪ್ಪನ ಹಳೆಯ ಪಂಚೆಯ ತುಂಡೇ ಆಗಬೇಕು, ಬರ್ನರ್ ಉಜ್ಜುವುದು ಮಂಗಳವಾರವೇ. ಪಕ್ಕದ ಮನೆಯಾಕೆ ಹಬ್ಬಕ್ಕೆ ಹೂರಣ ಬೇಯಿಸಲು ದೊಡ್ಡ ಪಾತ್ರೆ ತಂದರೆ, "ಎಳೀಬ್ಯಾಡ ಕಣಮ್ಮಿ, ಎತ್ತಿ ಮಡಗು. ಗಾಜು ನೊಂದ್ಕತದೆ" ಎನ್ನುವಳು. ಸೀರೆಗಳು ಬೀರುವಿಗೆ ಬಂದದ್ದು ಯಾವಾಗ ಎಂದು ಕೇಳಬೇಡಿ. ತಾರೀಕು ಬರೆಯುವ ನಾನು ಅದೊಂದನ್ನು ಗಮನಿಸಲೇ ಇಲ್ಲ.

ಮದುವೆಯಾಗಿ ನಾನೀಗ ಹೊಳೆನರಸೀಪುರದಲ್ಲಿದ್ದೇನೆ, ರಜೆಯಿದ್ದರೆ ಬಸ್ಸು ಹತ್ತಿ ಬರುತ್ತೇನೆ. ಇಷ್ಟು ಹೊತ್ತಿಗೆ ಗಾಜು ಆರಿರಬೇಕೆಂದು ಸೋಡಾ ಡಬ್ಬಿ ಹುಡುಕಿದೆ. ನಾನಿಡುತ್ತಿದ್ದ ಜಾಗದಲ್ಲಿರಲಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ ಕರಿಬೇವು ಹಿಡಿದು ಬಂದ ಅತ್ತೆ ಒಲೆ ನೋಡಿದಳು, ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಓಗು ಮಗಾ, ಒಳಗೆ ಕೂತ್ಕೊ. ನೆಂಟ್ರ ಕೈಲಿ ಒಲೆ ಒರೆಸ್ತಾರಾ? ಕಾಪಿ ತತ್ತೀನಿ."

ಎದೆಯಲ್ಲೊಂದು ಸಣ್ಣ ಚುರುಕು. ಆಮೇಲೆ ನಗು ಬಂತು. ನಡುಮನೆಗೆ ಹೋಗಿ, ಹೊರಗಿನಿಂದ ಬಂದವರಿಗೆಂದು ಹಾಕಿರುವ ಕುರ್ಚಿಯಲ್ಲಿ ಆರಾಮಾಗಿ ಕೂತೆ.