ಮಾದೇವಮ್ಮ ಕಂಡ ಗರಗಸದ ಹಲ್ಲು

ಗೆಳೆಯರೇ, ಕೊಯಮತ್ತೂರಿನಿಂದ ತಂದ ನನ್ನ ಪುಟ್ಟ ಬ್ಯಾಂಡ್ ಸಾಗೆ, ಅಂದರೆ ಪಟ್ಟಿ ಗರಗಸದ ಯಂತ್ರಕ್ಕೆ, ಇವತ್ತು ಮೊದಲ ಗಿರಾಕಿ ಬಂದಳು. ನಮ್ಮ ಹೊಲದಲ್ಲಿ ಕಳೆ ಕೀಳುವ ಮಾದೇವಮ್ಮ. ಕಾಲು ಮುರಿದುಕೊಂಡ ಅವಳ ಅತ್ತೆಗೆ ಗೆಟ್ಟವಾಡಿಯ ನೆಂಟರು ಕೊಟ್ಟ ಕಬ್ಬಿಣದ ವಾಕರ್ ಎದೆಮಟ್ಟ ಬರುತ್ತಿತ್ತಂತೆ.

"ನಾಕು ಕಾಲ್ನೂವೆ ಗೇಣುದ್ದ ಕುಯ್ದ್ಕೊಡಣ್ಣ. ಮುದ್ಕಿ ಮೂರ್ ತಿಂಗ್ಳಿಂದ ಮೂಲೆ ಬುಟ್ಟು ಎದ್ದಿಲ್ಲ."

ವಾಕರಿನ ಒಂದು ಕಾಲನ್ನು ಗರಗಸಕ್ಕೆ ಇಟ್ಟು ಸ್ವಿಚ್ ಒತ್ತಿದೆ. ಸದ್ದು ಜೋರು, ಕೊಯ್ತ ಚೂರೂ ಇಲ್ಲ. "ಕಬ್ಬಿಣ ಭಾರಿ ಗಟ್ಟಿ" ಎಂದು ತೀರ್ಪು ಕೊಟ್ಟೆ. ಮಾದೇವಮ್ಮ ಬಗ್ಗಿ ಗರಗಸದ ಹಲ್ಲು ನೋಡಿದಳು.

"ಪಟ್ಟಿ ಕೆಳಕ್ಕೋಯ್ತದೆ, ಅಲ್ಲು ನೋಡುದ್ರೆ ಮ್ಯಾಕ್ ತಿರುಗವೆ ಕಣಣ್ಣ! ಕುಡ್ಲು ತಿರುಗ್ಸಿ ಇಡ್ಕಂಡ್ರೆ ರಾಗಿ ಕುಯ್ಯಕಾದದಾ?"

ಬ್ಲೇಡು ಬಿಚ್ಚಿ, ಹಲ್ಲು ಕೆಳಮುಖವಾಗುವಂತೆ ಒಳಮೈ ಹೊರಗೆ ಮಾಡಿ ಹಾಕಿದೆ. ನಾಲ್ಕು ಕಾಲೂ ಸಲೀಸಾಗಿ ತುಂಡಾದವು.

ಸಂಜೆ ಅವರ ಮನೆ ಕಡೆ ಹೋದೆ. ಅತ್ತೆ ವಾಕರ್ ಹಿಡಿದು ಬಾಗಿಲಲ್ಲಿ ನಿಂತು, ಅಂಗಳ ಗುಡಿಸಿಲ್ಲವೆಂದು ಸೊಸೆಗೆ ಬೈಯುತ್ತಿದ್ದರು.

"ಬೈಲಿ ಬುಡಣ್ಣ" ಎಂದು ಮಾದೇವಮ್ಮ ನಕ್ಕಳು. "ಬಾಕ್ಲಗಂಟ ಬಂದು ಬೈತಾವ್ಳಲ್ಲ!"

ಗರಗಸದ ಜೊತೆ ಬಂದ ಬುಕ್ಕನ್ನು ನಾನು ಎರಡು ಸಲ ಓದಿದ್ದೆ. ಹಲ್ಲಿನ ದಿಕ್ಕು ಮಾತ್ರ ಮಾದೇವಮ್ಮನಿಗೇ ಗೊತ್ತಿತ್ತು.