ಒಳಗೈ ಎಂದು ಕೂಗಿದವರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಜೀಪಿನ ಬ್ರೇಕು ಕೈಕೊಟ್ಟಿತು. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಬೆಟ್ಟದಿಂದ ತಮಿಳು ಸೀಮೆಯ ನಮ್ಮೂರು ಬೋಡಿಗೆ ಇಳಿದ ಮೇಲೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಚಪ್ಪಲಿ ಹೊಲಿಸಿಕೊಳ್ಳುವುದಿತ್ತು. ಹೊಲಿಯುವವನು ಎದ್ದು ಹೋಗುವ ಮೊದಲು ಸೇರುತ್ತೇನೋ ಇಲ್ಲವೋ ಎಂಬುದೇ ಆಗಿನ ನನ್ನ ದೊಡ್ಡ ಚಿಂತೆ.

ಕಳೆದ ವಾರ ಅಡುಗೆಮನೆಯಲ್ಲಿ ಹಸಿ ಏಲಕ್ಕಿ ಬಿಡಿಸುತ್ತ ಕೂತಿದ್ದಾಗ ಒಲೆಯ ಮೇಲೆ ಕುಕ್ಕರಿನ ರಬ್ಬರು ಸುಟ್ಟಿತು. ಆ ಎರಡು ವಾಸನೆಗಳು ಸೇರಿದ್ದೇ ತಡ, ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿಯಿತು, ಅಲ್ಲಿ ಇಲ್ಲದ ಬ್ರೇಕನ್ನು ತುಳಿಯುವ ಹಾಗೆ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ... ಅಮ್ಮ ಬಂದು ಒಲೆ ಆರಿಸಿದಳು.

ಆ ಜೀಪು ನಮ್ಮ ಎದುರುಮನೆ ಅತ್ತೆಯದು. ರಕ್ತಸಂಬಂಧದ ಅತ್ತೆಯಲ್ಲ. ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರೆಲ್ಲ ಒಬ್ಬರಿಗೊಬ್ಬರು ಏನಾದರೂ ಆಗಿರಲೇಬೇಕು, ಹಾಗಾಗಿ ಅತ್ತೆ. ಬೋಡಿಯಿಂದ ದಿನಾ ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಬೆಟ್ಟ ಹತ್ತಿ, ಕೇರಳದ ಏಲಕ್ಕಿ ತೋಟಗಳಿಗೆ ಬಿಟ್ಟು, ಸಂಜೆ ವಾಪಸು ತರುವ ಜೀಪುಗಳಿವೆ. ಅತ್ತೆಯೂ ಮದುವೆಯಾದಾಗಿನಿಂದ ಹಾಗೆ ಹೋಗಿ ಏಲಕ್ಕಿ ಕೊಯ್ದವರೇ. ಹಿಂದಿನ ಸೀಟಿನಲ್ಲಿ ಇಕ್ಕಟ್ಟಿಗೆ ಸಿಕ್ಕಿ, ತಿರುವಿಗೊಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದವರ ತಲೆಗೆ ಒಂದು ಆಸೆ ಹೊಕ್ಕಿತು: ಈ ಬೆಟ್ಟವನ್ನು ತಾನೇ ಓಡಿಸಿಕೊಂಡು ಹತ್ತಬೇಕು.

ಮನೆಯಲ್ಲಿ ಮಾವ ನಕ್ಕರು. ಬೀದಿ ನಕ್ಕಿತು. ಲೈಸೆನ್ಸಿಗೆ ಮೈದಾನದಲ್ಲಿ ಎಂಟರ ಅಂಕಿಯ ಹಾಗೆ ಗಾಡಿ ತಿರುಗಿಸಿ ತೋರಿಸಬೇಕು. ಮೊದಲ ಸಲ ಆ ಎಂಟರ ನಡುವೆಯೇ ಗಾಡಿ ನಿಂತುಹೋಯಿತು. ಇನ್ನೊಂದು ಸಲ, ತಿರುವಿನಲ್ಲಿ ಅವರು ಎತ್ತಿಗೆ ಹೇಳುವಂತೆ "ಒಳಗೈ, ಒಳಗೈ" ಎಂದದ್ದನ್ನು ಕೇಳಿ ಪಕ್ಕದಲ್ಲಿದ್ದ ಅಧಿಕಾರಿ ಜೋರಾಗಿ ನಕ್ಕರಂತೆ. ಕೈ ತಪ್ಪಿ ಕಂಬಕ್ಕೆ ಗುದ್ದಿತು. ಅದಾದ ಮೇಲೂ ಹೋದರು. ಪಾಸಾಗಿ ಬಂದ ದಿನ ಬೀದಿಗೆಲ್ಲ ಪಣಿಯಾರ ಸುಟ್ಟು ಹಂಚಿದರು. ತಮ್ಮ ತಂದೆ ಬಿಟ್ಟುಹೋದ ಎತ್ತಿನ ಗಾಡಿಯನ್ನೂ ಎತ್ತಿನ ಜೋಡಿಯನ್ನೂ ಮಾರಿ ಹಳೆಯ ಜೀಪೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದರು.

ಒಳಗೈ ಎಂಬುದು ಆ ತಂದೆಯ ಮಾತು. ನೊಗದಲ್ಲಿ ತಿರುವಿನ ಒಳಬದಿಗೆ ಬರುವ ಎತ್ತನ್ನು ಎಚ್ಚರಿಸುವ ಕೂಗು. ನಾನು ಮೈಸೂರಿನಲ್ಲಿ ಓದುವಾಗ ಕನ್ನಡ ಅಕ್ಷರ ಕಲಿತೆ, ಆದರೆ ಈ ಮಾತನ್ನು ಎಲ್ಲಿಯೂ ಬರೆದದ್ದು ಕಂಡಿಲ್ಲ. ಘಾಟಿಯಲ್ಲಿ ಅತ್ತೆಗೆ ಒಳಗೈ ಅಂದರೆ ಬೆಟ್ಟದ ಕಡೆ. ಪ್ರತಿ ತಿರುವಿನಲ್ಲಿ ಅವರು ಕೂಗುತ್ತಿದ್ದರು, ಜೀಪಿನಲ್ಲಿದ್ದ ನಾವೆಲ್ಲ ಬೆಟ್ಟದ ಕಡೆಗೆ ಒರಗಬೇಕು. ತಮಿಳು ಹೆಂಗಸರ ಕಿವಿಗೆ ಅದು "ಉಲಕ್ಕೈ" ಎಂದು ಬಿದ್ದಿತ್ತು. ಉಲಕ್ಕೈ ಅಂದರೆ ಒನಕೆ. ಹೀಗೆ ಅತ್ತೆ ಜೀಪು ಸ್ಟ್ಯಾಂಡಿಗೆಲ್ಲ ಉಲಕ್ಕೈ ಅಕ್ಕಾ ಆದರು.

ಸ್ಟ್ಯಾಂಡಿನ ಗಂಡಸರು ಬಿಡುತ್ತಿರಲಿಲ್ಲ. "ಅಕ್ಕಾ, ಇದು ಮಾಟ್ಟುವಂಡಿ ಇಲ್ಲೆ, ಜೀಪು! ಪುಲ್ಲು ತಿನ್ನಾದು!" ಎಂದು ಒಬ್ಬ ಕಿಚಾಯಿಸಿದ. ಇದು ಎತ್ತಿನ ಗಾಡಿಯಲ್ಲ, ಹುಲ್ಲು ತಿನ್ನುವುದಿಲ್ಲ ಎಂದು.

"ಪುಲ್ಲು ತಿನ್ನಾದು. ಆನಾ ಸೊನ್ನ ಪೇಚ್ಚು ಕೇಕ್ಕುಂ, ಉನ್ನೈ ಮಾದಿರಿ ಇಲ್ಲೆ," ಎಂದರು ಅತ್ತೆ. ಹೇಳಿದ ಮಾತು ಕೇಳುತ್ತದೆ, ನಿನ್ನ ಹಾಗಲ್ಲ.

ನಾನು ಬೆಟ್ಟದ ಮೇಲಿನ ತೋಟವೊಂದರ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹೋಗಿಬರುವುದು ಅತ್ತೆಯ ಜೀಪಿನಲ್ಲೇ, ಮುಂದಿನ ಸೀಟಿನಲ್ಲಿ. ಮೊದಮೊದಲು ನಾನು ಭಯಕ್ಕೆ ಕಣ್ಣು ಮುಚ್ಚಿಕೊಂಡರೆ ಗದರುತ್ತಿದ್ದರು. "ಯಾಕ್ ಪುಳ್ಳೆ, ಪಯನಾ? ಕಣ್ಣ ತೆಗಿ. ದಾರಿ ನನ್ನೊಬ್ಬಳಿಗೇ ಬಿಟ್ಟೀಯಾ?"

ಅಂದು ಸಂಜೆ ಮಂಜು ಇರಲಿಲ್ಲ, ಮಳೆಯೂ ಇರಲಿಲ್ಲ. ಇಳಿಜಾರಿನಲ್ಲಿ ಅತ್ತೆಯ ಕಾಲು ಒಮ್ಮೆಲೇ ತಳಕ್ಕೆ ಹೋದದ್ದನ್ನು ನಾನು ನೋಡಿದೆ. ಮತ್ತೆ ತುಳಿದರು. ರಬ್ಬರು ಸುಟ್ಟ ವಾಸನೆ, ಹಿಂದೆ ಯಾರದೋ ಮಡಿಲಿನ ಏಲಕ್ಕಿಯ ವಾಸನೆ. ಗೇರು ಇಳಿಸಿದರು, ಜೀಪು ಕಿರುಚಿತು, ನಿಲ್ಲಲಿಲ್ಲ. ಮುಂದೆ ಎಡಕ್ಕೆ ಕಣಿವೆ. ಬಲಕ್ಕೆ, ರಸ್ತೆಯಾಚೆ, ಕಲ್ಲು ಬೆಟ್ಟ. ಅತ್ತೆ ಕೂತಿದ್ದುದು ಬಲಗಡೆ.

"ಒಳಗೈ!" ಎಂದರು.

ಆ ದನಿ ಎಂದಿನದಲ್ಲ. ತಮಿಳಿನವರು, ನಮ್ಮವರು, ಎಲ್ಲರೂ ಒಂದೇ ಮೈಯಾಗಿ ಬಲಕ್ಕೆ ಒರಗಿದರು. ಅತ್ತೆ ಜೀಪನ್ನು ರಸ್ತೆ ದಾಟಿಸಿ ಬೆಟ್ಟಕ್ಕೆ ಒತ್ತಿದರು. ತಗಡು ಹರಿಯುವ ಸದ್ದು... ಈಗಲೂ ಬಟ್ಟೆ ಹರಿದರೆ ನಾನು ಬೆಚ್ಚುತ್ತೇನೆ. ಎದುರಿನಿಂದ ಯಾವ ಗಾಡಿಯೂ ಬರಲಿಲ್ಲ. ಬಂದಿದ್ದರೆ ಎಂದು ಸಾವಿರ ಸಲ ಯೋಚಿಸಿದ್ದೇನೆ. ಕಲ್ಲಿಗೆ ಉಜ್ಜುತ್ತ ಉಜ್ಜುತ್ತ ಜೀಪು ನಿಂತಿತು. ನಾವು ಹಿಂದಿನಿಂದ ಒಬ್ಬೊಬ್ಬರಾಗಿ ಇಳಿದೆವು. ಅತ್ತೆಯ ಬಲಗಾಲು ಮಾತ್ರ ತಗಡಿನೊಳಗೆ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ಆ ಕಾಲಿಗೆ ಕಬ್ಬಿಣದ ಸಲಾಕೆ ಹಾಕಿದರು. ಸ್ಟ್ಯಾಂಡಿನ ಗಂಡಸರೇ ಹಣ್ಣು ಹಿಡಿದು ನೋಡಲು ಬಂದರು. ಈ ಸಲ ಯಾರೂ ನಗಲಿಲ್ಲ. "ಪೋದುಂ ಅಕ್ಕಾ," ಸಾಕು ಎಂದರು. ಅವರು ಹೋದ ಮೇಲೆ ನಾನೂ ಅದನ್ನೇ ಹೇಳಿದೆ. "ಇನ್ನು ಸಾಕು ಅತ್ತೆ."

"ನೀ ಸತ್ತೆಯಾ?"

"ಇಲ್ಲ."

"ಬೇರೆ ಯಾರಾನ ಸತ್ರಾ?"

"ಇಲ್ಲ ಅತ್ತೆ."

"ಆಮೇಲೆ ಏನ್ ಸಾಕು? ಬ್ರೇಕು ಕೆಟ್ಟದ್ದು. ನಾನ್ ಕೆಟ್ಟಿಲ್ಲ."

ಊರುಗೋಲು ಬಿಟ್ಟ ಮೇಲೆ ಅತ್ತೆ, ನೀರು ಬತ್ತಿದ ಕೆರೆಯಂಗಳದಲ್ಲಿ ಆ ಕಾಲಿಗೆ ಮತ್ತೆ ಗಾಡಿ ಕಲಿಸಿದರು. ಮಡಚಲು ಬಾರದ ಮಂಡಿ. ಬ್ರೇಕಿನ ಮೇಲೆ ಪಾದ ಇಡಲು ಕೈಯಿಂದ ತೊಡೆ ಎತ್ತಿಕೊಳ್ಳಬೇಕಿತ್ತು. ಕೈ ಬೇಡದ ದಿನ ಬರುವವರೆಗೆ ಅವರು ಜನರನ್ನು ಹತ್ತಿಸಲಿಲ್ಲ. ಮುಂದಿನ ಕೊಯ್ಲಿಗೆ ಅತ್ತೆಯ ಜೀಪು ಬೆಟ್ಟ ಹತ್ತಿತು. ಅವರನ್ನು ನಂಬಿ ಮೊದಲು ಏರಿದವರು, ಅಂದು ಬಲಕ್ಕೆ ಒರಗಿದ ಆ ಹೆಂಗಸರೇ.

ನನ್ನಿಂದ ಆಗಲಿಲ್ಲ. ನಾನು ಬಸ್ಸಿಗೆ ಹೋಗತೊಡಗಿದೆ, ಕಣ್ಣು ಮುಚ್ಚಿಕೊಂಡು. ಇರುಳಲ್ಲಿ ಮಂಚ ಬಲಕ್ಕೆ ವಾಲಿದಂತಾಗಿ ಎದ್ದು ಕೂರುತ್ತಿದ್ದೆ. ಬಸ್ಸು ಜೀಪನ್ನು ಹಿಂದೆ ಹಾಕುವಾಗ ಅತ್ತೆ ಹಾರನ್ ಒತ್ತುತ್ತಿದ್ದರು. ಅದು ನನಗೇ ಎಂದು ತಿಳಿಯುತ್ತಿತ್ತು.

ಈ ಆಡಿ ತಿಂಗಳಲ್ಲಿ ಅತ್ತೆ ತೀರಿಕೊಂಡರು. ಬೆಟ್ಟವಲ್ಲ, ಜೀಪಲ್ಲ, ಬರೀ ಒಂದು ಜ್ವರ. ಹಿಂದಿನ ವಾರದವರೆಗೂ ಗಾಡಿ ಓಡಿಸಿದ್ದರು. ಜೀಪನ್ನು ಕಂಬಂ ಊರಿನ ಕಡೆಯವರು ಕೊಂಡುಹೋದರು.

ಮೊನ್ನೆ ಶುಕ್ರವಾರ ಸಂಜೆ ಬಸ್ಸು ಬರಲಿಲ್ಲ. ಕತ್ತಲಾಗುವ ಭಯಕ್ಕೆ ಸಿಕ್ಕಿದ ಜೀಪು ಹತ್ತಿದೆ. ಡ್ರೈವರು ಹೊಸಬ, ದಿಂಡುಗಲ್ಲಿನ ಕಡೆಯವನು, ಅತ್ತೆಯನ್ನು ಕಂಡವನೇ ಅಲ್ಲ. ಮೊದಲ ತಿರುವು ಬಂತು.

"ಉಲಕ್ಕೈ!" ಎಂದು ಕೂಗಿದ.

ಜೀಪಿಗೆ ಜೀಪೇ ಬೆಟ್ಟದ ಕಡೆ ಒರಗಿತು. ಹಾಗಂದರೇನಪ್ಪಾ ಎಂದು ಅವನನ್ನು ಕೇಳಿದೆ.

"ತೆರಿಯಾದು ಅಕ್ಕಾ. ಇಂದ ಮಲೈಯಿಲೆ ಎಲ್ಲಾರುಂ ಅಪ್ಪಡಿತ್ತಾನ್ ಸೊಲ್ಲುವಾಂಗ." ಗೊತ್ತಿಲ್ಲ ಅಕ್ಕ, ಈ ಬೆಟ್ಟದಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಅದು ಉಲಕ್ಕೈ ಅಲ್ಲ ಎನ್ನಲು ಬಾಯಿ ತೆರೆದೆ... ಅಷ್ಟರಲ್ಲಿ ಮುಂದಿನ ತಿರುವು. ಕಣ್ಣು ತೆರೆದುಕೊಂಡೇ ನಾನೂ ಒರಗಿದೆ.

ಆ ರಾತ್ರಿ ಮಲಗಿದವಳು ಎದ್ದಾಗ ಬಿಸಿಲು ಗೋಡೆಗೆ ಬಂದಿತ್ತು. ಬಾಗಿಲು ತೆರೆದೆ. ಎದುರುಮನೆಯ ಮುಂದೆ ಜೀಪು ನಿಲ್ಲುತ್ತಿದ್ದ ಜಾಗದಲ್ಲಿ, ಎಣ್ಣೆ ಸೋರಿದ ಕಪ್ಪು ಕಲೆಯ ಅಂಚಿಗೆ, ಯಾರೋ ಆಗಲೇ ರಂಗೋಲಿ ಹಾಕಿದ್ದರು.